ಹಟ್ಟಿಯ ಹಳೆಯ ಗುಂಡಿಗಳೂ ಹೊಸ ನಕ್ಷೆಗಳೂ

ನವೆಂಬರ್ ತಿಂಗಳು ಬಂತೆಂದರೆ ಹೈದರಾಬಾದಿನ ಕನ್ನಡಿಗರಾದ ನಾವು ಸಭಾಂಗಣದ ವೇದಿಕೆಯ ಮೇಲೆ ನಾಡಿನ ದೊಡ್ಡದೊಂದು ನಕ್ಷೆಯನ್ನು ತೂಗುಹಾಕಿ, ಅದಕ್ಕೆ ಮಾಲೆ ಹಾಕಿ, ದೀಪ ಬೆಳಗುವುದು ವಾಡಿಕೆ. ಬೀದರದಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಹಬ್ಬಿರುವ ಆ ಗೆರೆಯನ್ನು ಮಕ್ಕಳಿಗೆ ತೋರಿಸಿ ಇದು ನಮ್ಮ ನಾಡು ಎನ್ನುತ್ತೇವೆ. ೧೯೫೬ನೆಯ ಇಸವಿ ನವೆಂಬರ್ ೧ರಂದು ರಾಯಚೂರು, ಗುಲಬರ್ಗಾ, ಬೀದರ ಸೀಮೆಗಳು ಹೈದರಾಬಾದ್ ರಾಜ್ಯದಿಂದ ಬೇರ್ಪಟ್ಟು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಅಲ್ಲಿ ನಾಡು ಒಂದಾಯಿತು. ನಮ್ಮಲ್ಲಿ ಎಷ್ಟೋ ಮನೆತನಗಳು ಮಾತ್ರ ಕಚೇರಿ, ಕೋರ್ಟು, ವ್ಯಾಪಾರ, ವಿದ್ಯೆಗಳ ನಿಮಿತ್ತ ಇಲ್ಲಿಯೇ ನೆಲೆ ನಿಂತವು.

ಪ್ರಕೃತ ಲೇಖನದಲ್ಲಿ ನಾವು ಹೇಳಹೊರಟಿರುವುದು ಮತ್ತೊಂದು ಬಗೆಯ ನಕ್ಷೆಯ ಚರಿತ್ರೆ. ಅದು ನೆಲದ ಮೇಲಿನ ಗಡಿಗಳನ್ನಲ್ಲ, ನೆಲದೊಳಗಿನ ಕಲ್ಲುಗಳನ್ನು ತೋರಿಸುವ ನಕ್ಷೆ. ಅದನ್ನು ಕುರಿತು ಈ ವರ್ಷ ಬರೆಯಬೇಕೆನ್ನಿಸಿದ್ದಕ್ಕೆ ಒಂದು ಕಾರಣವುಂಟು. ಲಿಂಗಸುಗೂರಿನ ಕಡೆಯ ಒಂದು ಮದುವೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಬಂಧುಗಳ ಪೈಕಿ ಯುವಕನೊಬ್ಬ ನಮ್ಮ ಹಿರಿಯರನ್ನು ಕೇಳಿದ: "ಕಾಕಾ, ನಮ್ಮ ಸೀಮಿಯಾಗ ಬಿಳಿ ಬಂಗಾರ ಸಿಕ್ಕೈತಂತ. ಹೊಲ ಕೊಡ್ತೀರೇನಂತ ಮಂದಿ ಕೇಳಾಕ ಹತ್ಯಾರ. ಖರೇ ಏನ್ರಿ?" ಪಂಕ್ತಿಯಲ್ಲಿದ್ದ ಯಾರಿಗೂ ಸರಿಯಾದ ಉತ್ತರ ತಿಳಿದಿರಲಿಲ್ಲ. ಪಟ್ಟಣದಲ್ಲಿ ಓದಿಕೊಂಡವರೆಂದು ಹೆಸರಾದ ನಾವು ಸುಮ್ಮನೆ ಅನ್ನ ಕಲಸುತ್ತ ಕುಳಿತೆವು. ಆ ಮೌನದ ಸಾಲವನ್ನು ಇಲ್ಲಿ ತೀರಿಸುವ ಪ್ರಯತ್ನ ಮಾಡಿದ್ದೇವೆ.

ಆತ ಕೇಳಿದ್ದು ಲಿಥಿಯಂ ಎಂಬ ಲೋಹದ ವಿಷಯ. ೨೦೨೩ರಲ್ಲಿ ಭಾರತ ಸರ್ಕಾರದ ಗಣಿ ಸಚಿವಾಲಯವು ದೇಶಕ್ಕೆ ಅತ್ಯಾವಶ್ಯಕವಾದ ೩೦ ಖನಿಜಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಲಿಥಿಯಂ, ಟಂಗ್‌ಸ್ಟನ್, ವೆನೇಡಿಯಂ, ಗ್ರಾಫೈಟ್ ಮೊದಲಾದವು ಅದರಲ್ಲಿವೆ. ಚಿನ್ನ ಅದರಲ್ಲಿ ಇಲ್ಲ. ಎರಡು ಸಾವಿರ ವರ್ಷಗಳಿಂದ ಚಿನ್ನಕ್ಕಾಗಿಯೇ ಅಗೆಯಲ್ಪಟ್ಟ ರಾಯಚೂರು ಸೀಮೆಯಲ್ಲಿ ಈಗ ಚಿನ್ನವಲ್ಲದ್ದನ್ನು ಹುಡುಕುವವರು ಬಂದಿದ್ದಾರೆ. ಇದು ಹೇಗಾಯಿತೆಂಬುದನ್ನು ಅರಿಯಬೇಕಾದರೆ ಮೊದಲಿನಿಂದ ಆರಂಭಿಸಬೇಕು.

ನೆಲದ ರಚನೆ

ಕೃಷ್ಣೆಗೂ ತುಂಗಭದ್ರೆಗೂ ನಡುವಣ ರಾಯಚೂರು ದೋಆಬನ್ನು ಬಲ್ಲವರಿಗೆ ಅದರ ಚಿತ್ರ ಕಣ್ಣಿಗೆ ಕಟ್ಟಿದಂತಿರುತ್ತದೆ. ಎತ್ತ ನೋಡಿದರೂ ಎರೆಯ ಹೊಲ. ನಡುನಡುವೆ ಒಂದರ ಮೇಲೊಂದು ಪೇರಿಸಿಟ್ಟಂತಹ ಬೆಣಚುಗಲ್ಲು ಬೆರೆತ ಗ್ರಾನೈಟ್ ಗುಂಡುಗಳ ಬೆಟ್ಟ. ಆದರೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಿಂದ ಮಸ್ಕಿಯ ಕಡೆಗೆ ನಡೆದರೆ ಕಲ್ಲಿನ ಬಣ್ಣ ಬದಲಾಗುತ್ತದೆ. ಅಲ್ಲಿ ಕಪ್ಪಾಗಿಯೂ ಹಸಿರಾಗಿಯೂ ಕಾಣುವ, ಪದರು ಪದರಾಗಿ ಸೀಳುವ ಕಲ್ಲಿನ ಪಟ್ಟಿಯೊಂದು ಗ್ರಾನೈಟಿನ ನಡುವೆ ಕೊಕ್ಕೆಯ ಆಕಾರದಲ್ಲಿ ಬಾಗಿಕೊಂಡು ಹೋಗಿದೆ. ಇದಕ್ಕೆ ಹಟ್ಟಿ–ಮಸ್ಕಿ ಪದರುಶಿಲೆಯ ಪಟ್ಟಿ ಎಂದು ಹೆಸರು. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಗಳಿಂದ ಹರಿದ ಲಾವಾರಸವು ಹೆಪ್ಪುಗಟ್ಟಿ, ಅನಂತರ ಭೂಮಿಯ ಒತ್ತಡಕ್ಕೂ ಕಾವಿಗೂ ಸಿಕ್ಕಿ ಮಾರ್ಪಟ್ಟ ಕಲ್ಲು ಅದು. ಆ ಕಲ್ಲು ಬಿರಿದ ಸೀಳುಗಳೊಳಗೆ ಬಿಸಿನೀರು ಹರಿದು ಬೆಣಚುಕಲ್ಲನ್ನೂ ಅದರೊಡನೆ ಚಿನ್ನವನ್ನೂ ಬಿಟ್ಟುಹೋಯಿತು. ಅಂಥ ಸೀಳುಗಳೇ ಗಣಿಗಾರರು ರೀಫ್ ಎಂದು ಕರೆಯುವ ಚಿನ್ನದ ಎಳೆಗಳು.

ಪಟ್ಟಿಯ ಅಂಚಿನಲ್ಲಿ ಗ್ರಾನೈಟು ಕರಗಿ ಮೇಲೆದ್ದ ಕಾಲದಲ್ಲಿ ಕಟ್ಟಕಡೆಗೆ ಉಳಿದ ರಸವು ಸಂದುಗಳಿಗೆ ನುಗ್ಗಿ, ದಪ್ಪ ದಪ್ಪ ಹರಳುಗಳುಳ್ಳ ಬಿಳಿಕಲ್ಲಾಗಿ ಗಟ್ಟಿಯಾಯಿತು. ಇದಕ್ಕೆ ಪೆಗ್ಮಟೈಟ್ ಎನ್ನುತ್ತಾರೆ. ಸಾಮಾನ್ಯ ಕಲ್ಲುಗಳೊಳಗೆ ಸೇರಲಾರದೆ ಉಳಿದ ಲಿಥಿಯಂ, ಬೆರಿಲಿಯಂ, ಟ್ಯಾಂಟಲಂ ಮುಂತಾದ ವಿರಳ ಧಾತುಗಳು ಈ ಕಡೆಯ ರಸದಲ್ಲಿ ಕೂಡಿಕೊಳ್ಳುತ್ತವೆ. ಹೀಗೆ ಚಿನ್ನದ ಎಳೆಯೂ ಲಿಥಿಯಮ್ಮಿನ ಬಿಳಿಕಲ್ಲೂ ಒಂದೇ ಸೀಮೆಯಲ್ಲಿ ನೆರೆಹೊರೆಯಾದವು. ಒಂದನ್ನು ಜನ ಸಾವಿರಾರು ವರ್ಷ ಅಗೆದರು. ಇನ್ನೊಂದನ್ನು ದಾಟಿಕೊಂಡು ನಡೆದರು.

ಹೆಸರಿಲ್ಲದ ಗಣಿಗಾರರು

ಈ ಸೀಮೆಯ ಮೊಟ್ಟಮೊದಲ ಭೂಗರ್ಭ ನಕ್ಷೆಯನ್ನು ಬರೆದವರಾರು ಎಂದು ಕೇಳಿದರೆ ಇಂಗ್ಲಿಷ್ ವಿದ್ವಾಂಸರ ಹೆಸರು ಹೇಳುವುದು ರೂಢಿ. ನಮ್ಮ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ಆ ನಕ್ಷೆಯನ್ನು ಕಾಗದದ ಮೇಲಲ್ಲ, ನೆಲದ ಮೇಲೆಯೇ ಬರೆದವರು ನಮ್ಮ ಪ್ರಾಚೀನ ಗಣಿಗಾರರು. ಹಟ್ಟಿ, ವಂದಲಿ, ಬುದ್ದಿನ್ನಿ, ಊಟಿ ಮುಂತಾದ ಊರುಗಳ ಸುತ್ತ ಅವರು ತೋಡಿದ ಗುಂಡಿಗಳ ಸಾಲನ್ನು ಹಿಡಿದು ನಡೆದರೆ ಚಿನ್ನದ ಎಳೆ ಎತ್ತ ಹೋಗಿದೆಯೆಂಬುದು ತಾನಾಗಿಯೇ ತಿಳಿಯುತ್ತದೆ.

ಹಟ್ಟಿಯಲ್ಲಿ ಓಕ್ಲಿ ರೀಫ್ ಎಂಬ ಎಳೆಯಲ್ಲಿ ಅವರ ತೋಡು ಸುಮಾರು ೬೪೦ ಅಡಿ, ಎಂದರೆ ೧೯೫ ಮೀಟರ್ ಆಳಕ್ಕೆ ಇಳಿದಿತ್ತು. ನಮ್ಮ ಊರಿನ ಚಾರ್‌ಮಿನಾರಿನಂಥ ಮೂರು ಕಟ್ಟಡಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಬಾಯಿಗೆ ನಿಲುಕದ ಆಳವದು! ಅಲ್ಲಿ ದೊರೆತ ಆಸರೆಯ ಮರದ ತುಂಡುಗಳ ಕಾಲವನ್ನು ರೇಡಿಯೋ ಕಾರ್ಬನ್ ವಿಧಾನದಿಂದ ಗಣಿಸಿದಾಗ ಅವು ಸುಮಾರು ೧,೯೦೦ ವರ್ಷಗಳಷ್ಟು ಹಳೆಯವೆಂದು ತಿಳಿದುಬಂದಿತು. ಮದ್ದಿಲ್ಲ, ಯಂತ್ರವಿಲ್ಲ, ವಿದ್ಯುತ್ತಿಲ್ಲ. ಕಲ್ಲಿನ ಮೈಗೆ ಸೌದೆ ಒಟ್ಟಿ ಬೆಂಕಿ ಹಾಕಿ, ಕಾದ ಕಲ್ಲಿನ ಮೇಲೆ ನೀರೆರಚಿ, ಬಿರುಕು ಬಿಟ್ಟದ್ದನ್ನು ಉಳಿ ಸುತ್ತಿಗೆಗಳಿಂದ ಕಿತ್ತು, ಬುಟ್ಟಿಯಲ್ಲಿ ಮೇಲಕ್ಕೆ ಸಾಗಿಸಿ, ಅರೆದು, ತೊಳೆದು ಚಿನ್ನ ತೆಗೆಯುತ್ತಿದ್ದರು. ಹೊಗೆ, ಉಸಿರುಗಟ್ಟು, ಒಸರುವ ನೀರು ಇವುಗಳ ನಡುವೆ ಅಷ್ಟು ಆಳದಲ್ಲಿ ದುಡಿದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಅವರು ಯಾವ ಅರಸರ ಕಾಲದವರು? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಗಳ ಮೇಲ್ವಿಚಾರಣೆಗೆ ಆಕರಾಧ್ಯಕ್ಷನೆಂಬ ಅಧಿಕಾರಿಯ ಉಲ್ಲೇಖವಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನ ಅಪ್ಪಣೆಯಂತೆ ಹೊರಟಿದೆ. ಆ ಸುವರ್ಣಗಿರಿ ಯಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಮಸ್ಕಿ ಎಂದವರಿದ್ದಾರೆ, ಕನಕಗಿರಿ ಎಂದವರಿದ್ದಾರೆ, ಆಂಧ್ರದ ಜೊನ್ನಗಿರಿ ಎಂದವರೂ ಇದ್ದಾರೆ. ಎಲ್ಲಿಯೇ ಇರಲಿ, ಮೌರ್ಯರ ದಕ್ಷಿಣದ ಅಧಿಕಾರ ಕೇಂದ್ರಕ್ಕೆ ಹೊನ್ನಿನ ಹೆಸರು ಬಂದಿತ್ತೆಂಬುದೇ ಅರ್ಥಪೂರ್ಣವಾದ ಸಂಗತಿ.

ಫೂಟ್ ಸಾಹೇಬರ ಕುದುರೆ ಸವಾರಿ

ಹಳೆಯ ಗಣಿಗಳು ಬಾಯಿ ಮುಚ್ಚಿದ ಮೇಲೆ ಬಹುಕಾಲ ಅವು ಹಾಗೆಯೇ ಬಿದ್ದಿದ್ದವು. ಹೊಸ ಕಾಲದ ಹುಡುಕಾಟ ಮೊದಲಾದದ್ದು ನಾಡಿನ ಮತ್ತೊಂದು ಮೂಲೆಯಲ್ಲಿ. ೧೮೦೨ರಲ್ಲಿ ಮೈಸೂರು ಸೀಮೆಯ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಕೋಲಾರದ ಪೂರ್ವಕ್ಕೆ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡನು. ಅತ್ತ ಗದಗಿನ ಬಳಿಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರೆಂಬ ಜನ ಮರದ ಮರಿಗೆಯಲ್ಲಿ ಮರಳು ತೊಳೆದು ಕಣಕಣವಾಗಿ ಚಿನ್ನ ಕೂಡಿಸುತ್ತಿದ್ದರು. ಸಾಹೇಬರುಗಳು ಎಲ್ಲಿಗೆ ಹೋದರೂ ಅವರಿಗಿಂತ ಮೊದಲೇ ನಮ್ಮ ಜನ ಅಲ್ಲಿದ್ದರೆಂಬುದನ್ನು ಗಮನಿಸಬೇಕು.

ಈ ಚದುರಿದ ಸುಳಿವುಗಳನ್ನು ಒಂದು ಶಾಸ್ತ್ರವಾಗಿ ಪೋಣಿಸಿದ ಮಹನೀಯರು ರಾಬರ್ಟ್ ಬ್ರೂಸ್ ಫೂಟ್. ೧೮೫೮ರಲ್ಲಿ ಭಾರತೀಯ ಭೂಗರ್ಭ ಸರ್ವೇಕ್ಷಣ ಇಲಾಖೆಯನ್ನು ಸೇರಿದ ಇವರು ದಕ್ಷಿಣ ದೇಶವನ್ನು ನಡೆದೂ ಕುದುರೆಯ ಮೇಲೂ ಸುತ್ತಿದರು. ಕೈಯಲ್ಲಿ ಸುತ್ತಿಗೆ, ದಿಕ್ಸೂಚಿ, ಇಳಿಜಾರು ಅಳೆಯುವ ಉಪಕರಣ. ಜೊತೆಗೆ ಊರುಗಳನ್ನು ಗುರುತಿಸಿದ ಸರ್ವೆ ಹಾಳೆ. ಬಂಡೆ ಕಂಡಲ್ಲೆಲ್ಲ ಇಳಿದು, ಅದು ಯಾವ ಜಾತಿಯ ಕಲ್ಲು, ಯಾವ ದಿಕ್ಕಿಗೆ ಚಾಚಿದೆ, ಎಷ್ಟು ಓರೆಯಾಗಿ ನೆಲದೊಳಕ್ಕೆ ಇಳಿದಿದೆ ಎಂದು ಬರೆದುಕೊಳ್ಳುವುದೇ ಅವರ ನಿತ್ಯದ ಕೆಲಸ. ಇಂಥ ಸಾವಿರಾರು ಚುಕ್ಕೆಗಳನ್ನು ಕೂಡಿಸಿದಾಗ ಬಣ್ಣದ ನಕ್ಷೆಯೊಂದು ಮೂಡುತ್ತದೆ. ಎರೆಮಣ್ಣು ಮುಚ್ಚಿದ ಕಡೆ ಎರಡು ಬಂಡೆಗಳ ನಡುವೆ ಏನಿದ್ದೀತೆಂದು ಊಹಿಸಬೇಕು. ಆದುದರಿಂದ ಭೂಗರ್ಭ ನಕ್ಷೆಯೆಂಬುದು ಅರ್ಧ ಕಂಡದ್ದು, ಅರ್ಧ ತರ್ಕಿಸಿದ್ದು.

ಈ ಕಪ್ಪು–ಹಸಿರು ಪದರುಶಿಲೆಗಳೆಲ್ಲ ಒಂದೇ ಬಳಗಕ್ಕೆ ಸೇರಿದವೆಂದೂ, ದಕ್ಷಿಣ ಭಾರತದ ಚಿನ್ನವು ಮುಖ್ಯವಾಗಿ ಆ ಬಳಗವನ್ನೇ ಆಶ್ರಯಿಸಿದೆಯೆಂದೂ ಫೂಟ್ ಕಂಡುಕೊಂಡರು. ೧೮೮೦ರ ದಶಕದಲ್ಲಿ ಅವರು ಅದಕ್ಕೆ ಇಟ್ಟ ಹೆಸರು ಧಾರವಾಡ ವ್ಯವಸ್ಥೆ. ನಮ್ಮ ಧಾರವಾಡದ ಹೆಸರು ಅಂದಿನಿಂದ ಜಗತ್ತಿನ ಭೂಗರ್ಭಶಾಸ್ತ್ರದ ಗ್ರಂಥಗಳಲ್ಲಿ ಸೇರಿಹೋಯಿತು. ಸಾಹಿತ್ಯಕ್ಕೂ ಸಂಗೀತಕ್ಕೂ ಪೇಡೆಗೂ ಹೆಸರಾದ ಊರು ಕಲ್ಲಿಗೂ ಹೆಸರಾಗಿದೆಯೆಂಬುದನ್ನು ನಮ್ಮ ಮಕ್ಕಳಿಗೆ ಹೇಳುವುದು ಒಳ್ಳೆಯದು.

ಫೂಟ್ ಅವರ ದೃಷ್ಟಿ ಚಿನ್ನಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ದಾರಿಯಲ್ಲಿ ಆದಿಮಾನವನ ಕಲ್ಲಿನ ಆಯುಧ ಕಂಡರೂ ಮಡಕೆಯ ಚೂರು ಕಂಡರೂ ಎತ್ತಿಟ್ಟುಕೊಂಡು, ಸಿಕ್ಕ ಸ್ಥಳವನ್ನು ಬರೆದಿಡುತ್ತಿದ್ದರು. ಮಸ್ಕಿಯ ಪ್ರಾಗಿತಿಹಾಸದ ನೆಲೆಯನ್ನು ಅವರು ಗುರುತಿಸಿದ್ದು ಹೀಗೆಯೇ. ಅಲ್ಲಿ ೧೯೫೪ರಲ್ಲಿ ಪ್ರಾಚ್ಯವಸ್ತು ಇಲಾಖೆಯ ಬಿ. ಕೆ. ಥಾಪರ್ ಅವರು ಉತ್ಖನನ ನಡೆಸಿದರು.

ಹುಡುಕಿದ್ದು ಹೊನ್ನು, ಸಿಕ್ಕಿದ್ದು ಅಶೋಕ

ಹಟ್ಟಿಯು ಆಗ ನಿಜಾಮರ ಸೀಮೆಯಲ್ಲಿತ್ತು. ೧೮೮೦ರ ದಶಕದಲ್ಲಿ ಸಂಸ್ಥಾನದ ಖನಿಜಗಳ ಹಕ್ಕು ಹೈದರಾಬಾದ್ ಡೆಕ್ಕನ್ ಕಂಪನಿಗೆ ಹೋಯಿತು. ಆ ಗುತ್ತಿಗೆಯ ವ್ಯವಹಾರದಲ್ಲಿ ನಡೆದ ಅಕ್ರಮಗಳ ಕೂಗು ಲಂಡನ್ನಿಗೂ ಮುಟ್ಟಿ, ೧೮೮೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಗಣಿಯ ವಿಷಯದಲ್ಲಿ ಕಾಗದಪತ್ರಗಳನ್ನು ಎಚ್ಚರದಿಂದ ಓದಬೇಕೆಂಬ ಪಾಠ ಅಷ್ಟು ಹಳೆಯದು! ಮುಂದೆ ವಂದಲಿಯಲ್ಲಿಯೂ ಹಟ್ಟಿಯಲ್ಲಿಯೂ ಗಣಿಗಳು ನಡೆದವು. ಕಂಪನಿಯ ಇಂಜಿನಿಯರುಗಳು ಬಹುಮಟ್ಟಿಗೆ ಹಳೆಯ ಗುಂಡಿಗಳಿದ್ದಲ್ಲಿಯೇ ತಮ್ಮ ಸುರಂಗಗಳನ್ನು ಇಳಿಸಿದರು. ಮೊದಲನೆಯ ಮಹಾಯುದ್ಧ ಮುಗಿದ ಸುಮಾರಿಗೆ ಹಟ್ಟಿಯ ಕೆಲಸ ನಿಂತುಹೋಯಿತು.

ಆ ಕಾಲದ ಒಂದು ಘಟನೆ ಭಾರತದ ಇತಿಹಾಸದಲ್ಲಿಯೇ ಸ್ಮರಣೀಯವಾದುದು. ೧೯೧೫ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನು ಮಸ್ಕಿಯ ಸುತ್ತಿನಲ್ಲಿ ಶೋಧನೆ ನಡೆಸುತ್ತಿದ್ದಾಗ ಬೆಟ್ಟದ ಗವಿಯಲ್ಲಿ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡನು. ಅದು ಬ್ರಾಹ್ಮೀ ಲಿಪಿಯ ಶಾಸನ. ಅಲ್ಲಿಯವರೆಗೆ ದೇಶದಲ್ಲಿ ದೊರೆತಿದ್ದ ಆ ಮಾದರಿಯ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಈ ದೇವಾನಾಂಪ್ರಿಯನೇ ಬೌದ್ಧ ಗ್ರಂಥಗಳ ಅಶೋಕನೆಂದು ವಿದ್ವಾಂಸರು ನಿರ್ಣಯಿಸಿದ್ದರೂ ಶಾಸನದ ಕಲ್ಲೇ ಬಾಯಿಬಿಟ್ಟು ಹೇಳಿರಲಿಲ್ಲ. ಮಸ್ಕಿಯ ಬಂಡೆ ಅಶೋಕನ ಹೆಸರನ್ನು ಹೇಳಿತು. ಎಚ್. ಕೃಷ್ಣಶಾಸ್ತ್ರಿಗಳು ಆ ಶಾಸನವನ್ನು ಸಂಪಾದಿಸಿದರು. ಹೈದರಾಬಾದಿನ ಪ್ರಾಚ್ಯವಸ್ತು ಮಾಲೆಯ ಮೊದಲನೆಯ ಪುಸ್ತಕವಾಗಿ ಅದೇ ವರ್ಷ ಅದು ಪ್ರಕಟವಾಯಿತು.

ಬೀಡನ್ನನು ಹುಡುಕಿದ್ದು ಹೊನ್ನು. ಅವನಿಗೆ ಸಿಕ್ಕಿದ್ದು ಚಕ್ರವರ್ತಿಯ ಹೆಸರು. ಕಲ್ಲನ್ನು ನೋಡುವವನು ತಾನು ಬಯಸಿದ್ದನ್ನಷ್ಟೇ ನೋಡಿದರೆ ಕೈಗೆ ಬಂದದ್ದು ತಪ್ಪಿಹೋಗುತ್ತದೆ. ಮಸ್ಕಿಯಲ್ಲಿ ಅದು ತಪ್ಪಲಿಲ್ಲ. ಬೇರೆ ಎಷ್ಟೋ ಕಡೆ ತಪ್ಪಿತೆಂಬುದನ್ನು ಮುಂದೆ ನೋಡಲಿದ್ದೇವೆ.

ನಿಜಾಮರ ಸರ್ಕಾರ ತನ್ನದೇ ಆದ ಭೂಗರ್ಭ ಇಲಾಖೆಯನ್ನು ನಡೆಸುತ್ತಿತ್ತು. ಅದರ ಲಿಯೊನಾರ್ಡ್ ಮನ್ ಎಂಬ ಅಧಿಕಾರಿ ಹಳೆಯ ಗಣಿಗಳನ್ನೂ ಅವುಗಳ ಬಳಿಯ ಬೃಹತ್ ಶಿಲಾಸಮಾಧಿಗಳನ್ನೂ ಗುರುತಿಸಿ, ೧೯೩೪ರಲ್ಲಿ ಅವೆರಡರ ಸಂಬಂಧವನ್ನು ಕುರಿತು ಬರೆದನು. ಸರ್ ಸಿ. ವಿ. ರಾಮನ್ ಅವರ ಬಳಿ ಕೆಲಸ ಮಾಡಿದ್ದ ಸಿ. ಮಹಾದೇವನ್ ಅವರೂ ಈ ಇಲಾಖೆಯಲ್ಲಿದ್ದು ನಮ್ಮ ಸೀಮೆಯ ಕಲ್ಲುಗಳನ್ನು ಅಭ್ಯಾಸ ಮಾಡಿದರು. ಮನ್ನನ ವಿಷಯದಲ್ಲಿ ನಮಗೆ ವಿಶೇಷವಾಗಿ ತೋರುವುದು ಮತ್ತೊಂದು ಸಂಗತಿ. ಆತನು ರಾಯಚೂರು ಸೀಮೆಯಲ್ಲಿ ಬಾವಿ ತೋಡಿಸುವ ಇಲಾಖೆಯ ಹೊಣೆಯನ್ನೂ ಹೊತ್ತಿದ್ದನು. ಮೆಟ್ಟಿಲು ಬಾವಿಯ ನೀರಿನಿಂದ ನಾರುಹುಣ್ಣಿಗೆ ತುತ್ತಾಗುತ್ತಿದ್ದ ಆ ಹಳ್ಳಿಗಳಲ್ಲಿ ಅದು ಪುಣ್ಯದ ಕೆಲಸ. ಎಲ್ಲಿ ಅದಿರಿದೆಯೆಂದು ಓದಬಲ್ಲ ಕಣ್ಣೇ ಎಲ್ಲಿ ನೀರಿದೆಯೆಂದೂ ಓದಬಲ್ಲದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ನಾಡಿಗೆ ಬಂದ ಗಣಿ

೧೯೪೭ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಸ್ಥಾಪನೆಯಾಗಿ ಹಟ್ಟಿಯ ಗಣಿಗೆ ಮರಳಿ ಜೀವ ಬಂದಿತು. ರಾಜ್ಯಗಳ ಪುನರ್ವಿಂಗಡಣೆಯೊಡನೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಯಾಗಿ ಕನ್ನಡ ನಾಡಿನ ಪಾಲಿಗೆ ಬಂದಿತು. ೧೯೫೬ರ ಅದೇ ನವೆಂಬರಿನಲ್ಲಿ ಕೋಲಾರದ ಗಣಿಗಳನ್ನೂ ಮೈಸೂರು ಸರ್ಕಾರ ವಹಿಸಿಕೊಂಡಿತು. ನಾಡು ಒಂದಾದ ತಿಂಗಳಲ್ಲಿಯೇ ನಾಡಿನ ಎರಡು ಹೊನ್ನಿನ ಗಣಿಗಳೂ ನಾಡಿನ ಕೈ ಸೇರಿದವು.

ಮುಂದೆ ಎರಡರ ಹಣೆಬರಹ ಬೇರೆಯಾಯಿತು. ಸುಮಾರು ೩,೨೦೦ ಮೀಟರ್ ಆಳಕ್ಕಿಳಿದು, ತನ್ನ ಜೀವಮಾನದಲ್ಲಿ ಸುಮಾರು ೮೦೦ ಟನ್ ಚಿನ್ನ ಕೊಟ್ಟ ಕೋಲಾರದ ಗಣಿ, ಕೇಂದ್ರ ಸರ್ಕಾರದ ಆಡಳಿತಕ್ಕೆ ಹೋಗಿ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಸಾವಿರಾರು ಸಂಸಾರಗಳ ಅನ್ನದ ದಾರಿ ಹೋಯಿತು. ಇಂದಿಗೂ ಅಲ್ಲಿನ ಜನ ನಸುಕಿಗೆ ಎದ್ದು ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅದಿರಿನ ಪುಡಿಯ ಬಿಳಿದಿಬ್ಬಗಳು ಊರ ನಡುವೆ ಉಳಿದಿವೆ. ಹಟ್ಟಿಯ ಗಣಿಯಾದರೋ ಇಂದಿಗೂ ನಡೆಯುತ್ತ ವರ್ಷಕ್ಕೆ ಒಂದು ಟನ್ನಿಗೂ ಮಿಗಿಲಾಗಿ ಚಿನ್ನ ಕೊಡುತ್ತಿದೆ.

ಹೊಸ ನಕ್ಷೆಯ ಹುಡುಕಾಟ

ಇನ್ನು ಬಿಳಿಕಲ್ಲಿನ ವಿಷಯಕ್ಕೆ ಬರೋಣ. ಲಿಥಿಯಂ ಲೋಹಗಳಲ್ಲೆಲ್ಲ ಅತ್ಯಂತ ಹಗುರವಾದುದು. ನಮ್ಮ ಕೈಯಲ್ಲಿರುವ ಮೊಬೈಲಿನಿಂದ ಹಿಡಿದು ವಿದ್ಯುತ್ ಮೋಟಾರು ವಾಹನಗಳವರೆಗೆ ಬ್ಯಾಟರಿಗಳಿಗೆ ಅದು ಬೇಕು. ಅದು ಸ್ಪೋಡ್ಯುಮಿನ್, ಲೆಪಿಡೊಲೈಟ್ ಮುಂತಾದ ಖನಿಜಗಳಲ್ಲಿರುತ್ತದೆ. ಸ್ಪೋಡ್ಯುಮಿನ್ ನೋಡುವುದಕ್ಕೆ ಬೂದುಬಿಳುಪಿನ ಸಾಧಾರಣ ಕಲ್ಲು. ಚಿನ್ನದಂತೆ ಮಿನುಗುವುದಿಲ್ಲ, ತಾಮ್ರದಂತೆ ಹಸಿರು ಕಿಲುಬು ಬಿಡುವುದಿಲ್ಲ. ಅಷ್ಟೇ ಅಲ್ಲದೆ, ಭೂಗರ್ಭಶಾಸ್ತ್ರಜ್ಞರು ಬಯಲಿನಲ್ಲಿ ಕೈಯಲ್ಲಿ ಹಿಡಿದು ಬಳಸುವ ಕ್ಷಕಿರಣದ ಉಪಕರಣವು ಇಷ್ಟು ಹಗುರವಾದ ಧಾತುವನ್ನು ಗುರುತಿಸಲಾರದು. ಹೀಗಿರುವಾಗ ಚಿನ್ನದ ಬೆನ್ನು ಹತ್ತಿದ ಹಳೆಯ ಗಣಿಗಾರನಾಗಲಿ ಕಂಪನಿಯ ಇಂಜಿನಿಯರನಾಗಲಿ ಅದನ್ನು ಒದ್ದು ಮುಂದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಈ ಬಿಳಿಕಲ್ಲುಗಳ ಮೇಲೆ ಕಣ್ಣಿಟ್ಟದ್ದು ಅಣುಶಕ್ತಿ ಇಲಾಖೆಗೆ ಸೇರಿದ ಅಣು ಖನಿಜ ನಿರ್ದೇಶನಾಲಯ. ಅದರ ಕೇಂದ್ರ ಕಚೇರಿ ನಮ್ಮ ಬೇಗಂಪೇಟೆಯಲ್ಲಿಯೇ ಇದೆ. ಆ ದಾರಿಯಲ್ಲಿ ದಿನವೂ ಓಡಾಡುವ ನಮ್ಮಲ್ಲಿ ಎಷ್ಟು ಜನ ಬಲ್ಲೆವು? ಅದು ಮತ್ತು ಭಾರತೀಯ ಭೂಗರ್ಭ ಸರ್ವೇಕ್ಷಣ ಇಲಾಖೆ ನಡೆಸುವ ಶೋಧನೆಯ ಕ್ರಮ ಇಂದು ಬಹಳ ಬೆಳೆದಿದೆ. ಹಳ್ಳಗಳ ಮಣ್ಣನ್ನು ಚೌಕ ಚೌಕವಾಗಿ ಸಂಗ್ರಹಿಸಿ ಹತ್ತಾರು ಧಾತುಗಳಿಗೆ ಪರೀಕ್ಷಿಸುತ್ತಾರೆ. ವಿಮಾನದಿಂದ ನೆಲದ ಕಾಂತಗುಣವನ್ನು ಅಳೆಯುತ್ತಾರೆ. ಟಂಗ್‌ಸ್ಟನ್ ಕೊಡುವ ಷೀಲೈಟ್ ಎಂಬ ಖನಿಜವನ್ನು ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದು ಹುಡುಕುತ್ತಾರೆ; ಆ ಬೆಳಕಿಗೆ ಅದು ಬೆಳುಪು ನೀಲಿಯಾಗಿ ಹೊಳೆಯುತ್ತದೆ. ಕೋಲಾರದ ಅದಿರಿನಲ್ಲಿಯೂ ಹಟ್ಟಿಯ ಅದಿರಿನಲ್ಲಿಯೂ ಷೀಲೈಟ್ ಚಿನ್ನದ ಜೊತೆಗಿದ್ದದ್ದೇ. ಹೀಗಿದ್ದರೂ ಅಡಿಪಾಯ ಮಾತ್ರ ಹಳೆಯದೇ: ಸುತ್ತಿಗೆ ಹಿಡಿದವನೊಬ್ಬ ನಡೆದು, ಬಂಡೆಯನ್ನು ಮುಟ್ಟಿ, ನಕ್ಷೆಯಲ್ಲಿ ಬರೆಯಬೇಕು.

ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಲಿಥಿಯಂ ಇರುವುದು ಮೊದಲು ಸುದ್ದಿಯಾಯಿತು. ಹಟ್ಟಿ–ಮಸ್ಕಿ ಪಟ್ಟಿಯ ಅಂಚಿನಲ್ಲಿ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಪರಿಸರದಲ್ಲಿಯೂ ಲಿಥಿಯಂ ಖನಿಜವುಳ್ಳ ಪೆಗ್ಮಟೈಟುಗಳು ಗುರುತಿಸಲ್ಪಟ್ಟಿವೆ. ನಮ್ಮ ಹಿರಿಯರು ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದ ಅದೇ ಅಮರೇಶ್ವರ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಮಂಡ್ಯದ ನಿಕ್ಷೇಪದಲ್ಲಿ ೧೪,೧೦೦ ಟನ್ ಲಿಥಿಯಂ ಇದೆಯೆಂಬ ಆರಂಭದ ಅಂದಾಜೊಂದು ೨೦೨೦ರಲ್ಲಿ ಪತ್ರಿಕೆಗಳಲ್ಲಿ ಬಂದು ದೇಶವೇ ಹಿಗ್ಗಿತು. ೨೦೨೧ರಲ್ಲಿ ಸರ್ಕಾರ ಪಾರ್ಲಿಮೆಂಟಿಗೆ ಕೊಟ್ಟ ಉತ್ತರದಲ್ಲಿದ್ದ ಅಂಕೆ ೧,೬೦೦ ಟನ್. ಅದೂ ಊಹಿತವೆಂಬ ವರ್ಗಕ್ಕೆ ಸೇರಿದ್ದು. ಇದರಲ್ಲಿ ಯಾರ ಮೋಸವೂ ಇಲ್ಲ. ಖನಿಜ ಶೋಧನೆಯಲ್ಲಿ ನಾಲ್ಕು ಹಂತಗಳುಂಟು. ಮೊದಲನೆಯದರಲ್ಲಿ ಸೀಮೆಯನ್ನು ಸ್ಥೂಲವಾಗಿ ನೋಡುತ್ತಾರೆ. ಎರಡನೆಯದರಲ್ಲಿ ಅಗಳು ತೋಡಿ, ಅಲ್ಲಲ್ಲಿ ಕೊರೆದು ನೋಡುತ್ತಾರೆ. ಮೂರು, ನಾಲ್ಕನೆಯದರಲ್ಲಿ ಒತ್ತೊತ್ತಾಗಿ ಕೊರೆದು ಆಳ, ಅಗಲ, ಗುಣಗಳನ್ನು ನಿಶ್ಚಯಿಸುತ್ತಾರೆ. ಮೊದಲ ಹಂತದ ಅಂಕೆಯನ್ನು ಕೊನೆಯ ಹಂತದ ಅಂಕೆಯೆಂದು ಭಾವಿಸಿದರೆ ತಪ್ಪು ಓದಿದವನದು. ಮೇಲೆ ಬಿಳಿಯಾಗಿ ಕಂಡ ಕಲ್ಲೆಲ್ಲ ಲಿಥಿಯಂ ಅಲ್ಲ. ಲಿಥಿಯಂ ಇದ್ದ ಕಲ್ಲೆಲ್ಲ ಗಣಿಯಾಗುವುದಿಲ್ಲ.

ನಕ್ಷೆ ಬಿಟ್ಟುಹೋದದ್ದು

ಈಗ ಒಂದು ದುಃಖದ ಸಂಗತಿಯನ್ನು ಹೇಳಬೇಕಾಗಿದೆ. ಯಾದಗಿರಿ ಜಿಲ್ಲೆಯ ಸುರಪುರದ ಸೀಮೆಯಲ್ಲಿ ಮಂಗಳೂರು ಎಂಬ ಹಳ್ಳಿಯಿದೆ. ಕಡಲ ತಡಿಯ ಮಂಗಳೂರಲ್ಲ, ಎರೆ ಸೀಮೆಯ ಮಂಗಳೂರು. ಅಲ್ಲಿಯೂ ಹಟ್ಟಿಯಂತಹುದೇ ಪದರುಶಿಲೆಯ ಪಟ್ಟಿ, ಹಳೆಯ ಚಿನ್ನದ ಗಣಿ. ಅದರ ನೆರೆಯಲ್ಲಿ ಕಿರದಳ್ಳಿ ತಾಂಡಾ ಎಂಬ ಲಂಬಾಣಿಗರ ಪುಟ್ಟ ಊರು. ಅಲ್ಲಿನ ಜನಕ್ಕೆ ಅಂಗೈ, ಅಂಗಾಲು ಗಡುಸಾಗಿ ಗಂಟು ಕಟ್ಟಿ, ಮೈಮೇಲೆ ಕಲೆ ಎದ್ದು, ಏನೆಂದು ತಿಳಿಯದೆ ನರಳಿದರು. ನೀರು ಪರೀಕ್ಷಿಸಿದಾಗ ಕೊಳವೆ ಬಾವಿಗಳಲ್ಲಿ ಆರ್ಸೆನಿಕ್, ಎಂದರೆ ನಮ್ಮ ಹಿರಿಯರು ಪಾಷಾಣವೆನ್ನುತ್ತಿದ್ದ ವಿಷ, ಮಿತಿಮೀರಿ ಇರುವುದು ಕಂಡುಬಂದಿತು. ಇದನ್ನು ಕುರಿತ ಶಾಸ್ತ್ರೀಯ ಅಧ್ಯಯನ ೨೦೧೩ರಲ್ಲಿ ಪ್ರಕಟವಾಗಿದೆ.

ಈ ವಿಷ ಹೊರಗಿನಿಂದ ಬಂದದ್ದಲ್ಲ. ಇಂಥ ಪಟ್ಟಿಗಳಲ್ಲಿ ಚಿನ್ನದ ಒಡನಾಡಿಯಾಗಿ ಆರ್ಸೆನೊಪೈರೈಟ್ ಎಂಬ ಖನಿಜವಿರುತ್ತದೆ. ಅದರಲ್ಲಿ ಆರ್ಸೆನಿಕ್ ಇದೆ. ಚಿನ್ನ ಹುಡುಕುವವರಿಗೆ ಇದು ಚೆನ್ನಾಗಿ ಗೊತ್ತು. ಆ ಖನಿಜ ಕಂಡರೆ ಚಿನ್ನ ಹತ್ತಿರದಲ್ಲಿದೆಯೆಂದು ಅವರಿಗೆ ಸಂತೋಷ. ನಕ್ಷೆಯಲ್ಲಿ ಅದು ಚಿನ್ನದ ಸುಳಿವಾಗಿ ಬರೆಯಲ್ಪಟ್ಟಿತು. ಕುಡಿಯುವ ನೀರಿಗೆ ಅಪಾಯವೆಂದು ಬರೆಯಲ್ಪಡಲಿಲ್ಲ. ಒಂದೇ ಕಲ್ಲು, ಒಂದೇ ಸ್ಥಳ; ಓದಿದವರು ಅರ್ಧ ಓದಿದರು. ಗಣಿಯನ್ನೂ ಬಾವಿಯನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದ ಮನ್ನನ ಕಾಲದ ಪದ್ಧತಿ ಮುಂದುವರಿದಿದ್ದರೆ ಆ ಬಾವಿಗಳನ್ನು ಕೊರೆಯುವ ಮುನ್ನವೇ ಯಾರಾದರೂ ಎಚ್ಚರಿಸುತ್ತಿದ್ದರೋ ಏನೋ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದದ್ದು ಇದೇ. ಒಂದು ಲೋಹಕ್ಕಾಗಿ ಬರೆದ ನಕ್ಷೆ ಅರ್ಧ ನಕ್ಷೆ. ಚಿನ್ನದ ನಕ್ಷೆ ಲಿಥಿಯಂ ಅನ್ನು ಬಿಟ್ಟಿತು, ಪಾಷಾಣವನ್ನು ಬಿಟ್ಟಿತು. ಇಂದು ಲಿಥಿಯಮ್ಮಿಗಾಗಿ ಬರೆಯುವ ನಕ್ಷೆ ನೀರನ್ನೂ ಹೊಲವನ್ನೂ ಜನರನ್ನೂ ಬಿಟ್ಟರೆ ಇನ್ನೊಂದು ತಾಂಡಾ ನರಳುತ್ತದೆ, ಇನ್ನೊಂದು ಕೋಲಾರ ಬರಿದಾಗುತ್ತದೆ.

ನಮ್ಮ ಉತ್ತರ

೨೦೨೩ರ ಕಾಯಿದೆ ತಿದ್ದುಪಡಿಯಿಂದ ಲಿಥಿಯಂ ಅಣು ಖನಿಜಗಳ ಪಟ್ಟಿಯಿಂದ ಹೊರಬಂದಿದೆ. ಅದರ ಹರಾಜನ್ನು ಕೇಂದ್ರ ಸರ್ಕಾರ ನಡೆಸುತ್ತದೆ, ಆದಾಯ ರಾಜ್ಯಕ್ಕೆ ಸೇರುತ್ತದೆ. ಗಣಿಯಿಂದ ತೊಂದರೆಗೊಳಗಾಗುವ ಜನರ ಹಿತಕ್ಕೆಂದು ೨೦೧೫ರ ಕಾಯಿದೆಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಗಳಿವೆ. ಈ ಮಾತುಗಳು ಲಿಂಗಸುಗೂರಿನ ರೈತನಿಗೆ ಕನ್ನಡದಲ್ಲಿ ತಿಳಿಯಬೇಕು. ಭೂಗರ್ಭ ನಕ್ಷೆಗಳು ಇಂಗ್ಲಿಷಿನಲ್ಲಿವೆ. ಅವುಗಳಲ್ಲಿರುವ ಊರುಗಳು ಮಾತ್ರ ಕನ್ನಡದವು. ಆಯಾ ಪಂಚಾಯಿತಿಯ ಗೋಡೆಯ ಮೇಲೆ ಆ ಊರಿನ ಕಲ್ಲು, ನೀರು, ಹಳೆಯ ಗುಂಡಿಗಳ ಕನ್ನಡ ನಕ್ಷೆಯೊಂದು ತೂಗಿದರೆ ಅದಕ್ಕಿಂತ ಮಿಗಿಲಾದ ರಾಜ್ಯೋತ್ಸವ ಯಾವುದು? ಮೈಸೂರಿನ ಭೂಗರ್ಭ ಇಲಾಖೆಯ ಡಾ. ಬಿ. ಪಿ. ರಾಧಾಕೃಷ್ಣ ಅವರಂತಹ ವಿದ್ವಾಂಸರು ಈ ಶಾಸ್ತ್ರವನ್ನು ಕನ್ನಡದಲ್ಲಿಯೂ ಬರೆಯಬಹುದೆಂದು ತೋರಿಸಿಕೊಟ್ಟಿದ್ದಾರೆ. ಈ ಊರಿನಲ್ಲಿ ಭೂಗರ್ಭಶಾಸ್ತ್ರ, ರಸಾಯನ, ನೀರಿನ ವಿದ್ಯೆ ಕಲಿತ ನಮ್ಮ ಮಕ್ಕಳು ರಜೆಯಲ್ಲಿ ಊರಿಗೆ ಹೋದಾಗ ಇದರಲ್ಲಿ ಕೈಜೋಡಿಸಬಹುದು.

ಬರ ಬಿದ್ದ ವರ್ಷಗಳಲ್ಲಿ ರಾಯಚೂರು, ಯಾದಗಿರಿ ಸೀಮೆಗಳ ಬಡಜನ ಮನೆಗೆ ಬೀಗ ಹಾಕಿಕೊಂಡು ಪುಣೆ, ಮುಂಬಯಿ, ಬೆಂಗಳೂರು, ಹೈದರಾಬಾದುಗಳಿಗೆ ಗುಳೆ ಹೋಗುವುದನ್ನು ನಾವು ಕಂಡಿದ್ದೇವೆ. ನೆಲದಡಿಯಲ್ಲಿ ಹೊನ್ನು, ನೆಲದ ಮೇಲೆ ಗುಳೆ. ೨೦೧೯ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿದೆ. ಹೆಸರಿನಲ್ಲಿರುವ ಕಲ್ಯಾಣ ಆ ಮನೆಗಳ ಒಳಗೂ ಬರಬೇಕು.

ಮದುವೆಯ ಪಂಕ್ತಿಯಲ್ಲಿ ಕೇಳಿದ ತಮ್ಮನಿಗೆ ತಡವಾಗಿಯಾದರೂ ನಮ್ಮ ಉತ್ತರ ಇಷ್ಟು: ಸುದ್ದಿ ಸುಳ್ಳಲ್ಲ, ತಮ್ಮಾ. ಆದರೆ ಇನ್ನೂ ಪೂರ್ತಿ ನಿಜವೂ ಆಗಿಲ್ಲ. ನಿನ್ನ ಹೊಲದಲ್ಲಿ ಎಷ್ಟಿದೆಯೆಂದು ಕೊರೆದು ನೋಡುವವರೆಗೆ ಯಾರೂ ಹೇಳಲಾರರು. ಅದಕ್ಕೆ ಮುಂಚೆ ಯಾರಾದರೂ ಬಂದು ಅವಸರಪಡಿಸಿದರೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡ. ನಕ್ಷೆ ತೋರಿಸಿರೆಂದು ಕೇಳು. ಯಾವ ಹಂತದ ಶೋಧನೆಯೆಂದು ಕೇಳು. ನಿಮ್ಮೂರ ಬಾವಿಯ ನೀರನ್ನು ಈಗಲೇ ಪರೀಕ್ಷೆ ಮಾಡಿಸಿ ಬರೆದಿಟ್ಟುಕೊ. ಎರಡು ಸಾವಿರ ವರ್ಷದ ಹಿಂದೆ ಅಲ್ಲಿ ಬೆಂಕಿ ಹಾಕಿ ಕಲ್ಲು ಬಿರಿಯಿಸಿದವರು ನಿನ್ನ ನಮ್ಮ ಹಿರಿಯರೇ ಇದ್ದಾರು. ಅವರು ತೋಡಿದ್ದನ್ನು ಉಳಿದವರೆಲ್ಲ ಓದಿಕೊಂಡರು. ಈ ಸಲ ನೀನೂ ಓದಿಕೊಳ್ಳಬೇಕು.